ಎಸರಿಟ್ಟವಳು

ಐವತ್ತರ ದಶಕದಲ್ಲಿ ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಇದ್ದದ್ದು ಒಂದೇ ಕ್ರೈಸ್ತರ ಮನೆ. ಹಿಟ್ಟೆಷ್ಟಿದೆ ಎಂದು ನೋಡಿಕೊಂಡು ಎಸರಿಡುವ ಅಭ್ಯಾಸ ಆ ಮನೆಯಾಕೆಗೆ ಇರಲಿಲ್ಲ. ಬಾಗಿಲಿಗೆ ಬಂದವರನ್ನು ಕೂರಿಸಿ, ಸೆರಗಿಗೆ ಕೈ ಒರೆಸಿ, ಕಣ್ಣು ಮುಚ್ಚಿ ಪ್ರಾರ್ಥಿಸಿ, ಮೊದಲು ಒಲೆಯ ಮೇಲೆ ನೀರಿಡುತ್ತಿದ್ದಳು. ಕೇಳಿದರೆ, "ಎಸ್ರು ನಂದು, ಹಿಟ್ಟು ದೇವ್ರುದು" ಅನ್ನುತ್ತಿದ್ದಳು.

"ಸೊಕ್ಕು ಕಣಮ್ಮಿ ಅವಳ್ಗೆ" ಎಂದು ನನಗೆ ಹೇಳುತ್ತಿದ್ದ ನಮ್ಮಜ್ಜಿ ಆ ಮನೆಯ ಅಂಗಳವನ್ನೂ ತುಳಿದವಳಲ್ಲ.

ಒಂದು ಮಧ್ಯಾಹ್ನ ಚಾಮರಾಜನಗರದ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಕೆಟ್ಟು ನಿಂತಿತು. ಒಳಗಿದ್ದ ಮಕ್ಕಳು ಹಸಿದು ಅಳತೊಡಗಿದವು. ಆಕೆ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಚರ್ಚಿನ ಹಬ್ಬದೂಟದ ಕೊಪ್ಪರಿಗೆಯನ್ನೇ ತಂದು ಎಸರಿಟ್ಟಳು. ಮನೆಯಲ್ಲಿದ್ದದ್ದು ಒಂದು ಬೊಗಸೆ ರಾಗಿಹಿಟ್ಟು. ನೀರು ಕುದಿಯಿತು. ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡಿತು.

ಅಜ್ಜಿಗೆ ತಡೆಯಲಾಗಲಿಲ್ಲ. "ಕುದಿಯೋ ಎಸ್ರ ಬರಿದೆ ಬುಟ್ರೆ ಬೀದಿಗೇ ಕೇಡು" ಎಂದು ಗೊಣಗುತ್ತಾ ಮೊರದ ತುಂಬ ಹಿಟ್ಟು ಹೊತ್ತು ಆ ಅಂಗಳಕ್ಕೆ ಹೋದಳು. ಅವಳ ಹಿಂದೆಯೇ ಮನೆಮನೆಯಿಂದ ಮೊರಗಳು ಹೊರಟವು.

ಆಕೆ ನಕ್ಕು ಮುದ್ದೆಕೋಲನ್ನು ಅಜ್ಜಿಯ ಕೈಗಿಟ್ಟಳು. "ದೇವ್ರು ಕಳಿಸವ್ನೆ. ತೊಳಸವ್ವ."

ಅಜ್ಜಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ನಿನ್ ದೇವ್ರಿಗೆ ನಮ್ಮನೆ ದಾರಿ ಚೆನ್ನಾಗೇ ಗೊತ್ತು ಕಣಮ್ಮಿ" ಎಂದು ಎರಡೂ ಕೈಯಲ್ಲಿ ಕೋಲು ಹಿಡಿದು ತೊಳಸತೊಡಗಿದಳು.