ಬೀಗರ ಎದುರು ಚಾಂಪಿಯನ್

"ಇವ ಗಂಡಸಾ?"

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಹಾಲ್‌ನಲ್ಲಿ ಕುಳಿತು ಹೀಗೆ ಕೇಳಿದವನು ಪಕ್ಕದ ಮನೆಯ ಮಲ್ಲೇಶಪ್ಪ. ಕೇಳಿದ್ದು ನನ್ನ ಬಗ್ಗೆ ಅಲ್ಲ, ಸದ್ಯ! ಟೀವಿಯಲ್ಲಿದ್ದ ಅಮೆರಿಕದ ಬಾಕ್ಸಿಂಗ್ ಚಾಂಪಿಯನ್ ಬಗ್ಗೆ.

ಬೈಲಹೊಂಗಲಕ್ಕೆ ಕೇಬಲ್ ಬಂದ ಮೇಲೆ ನಮಗೆ ಎಂತೆಂಥ ಚಿಂತೆಗಳು ಬಂದಿವೆ ನೋಡಿ. ಆ ಚಾಂಪಿಯನ್ ಬಲು ಗಟ್ಟಿಗ. ಆದರೆ ಒಬ್ಬ ಎಡಗೈ ಹುಡುಗನ ಜತೆ ಮಾತ್ರ ರಿಂಗಿಗೆ ಇಳಿಯಲೊಲ್ಲನಂತೆ. ಒಮ್ಮೆ ಭುಜ ನೋವು, ಒಮ್ಮೆ ಕೊಡುವ ದುಡ್ಡು ಕಡಿಮೆ, ಒಮ್ಮೆ ಹುಡುಗ ಇನ್ನೂ ಎಳಸು. ಕಾಮೆಂಟರಿಯವರು ಇದನ್ನು ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. (ಅರ್ಧ ನನಗೂ ಅರ್ಥವಾಗಿರಲಿಲ್ಲ. ಆ ಅರ್ಧವನ್ನು ನಾನೇ ಸೇರಿಸಿದೆ.)

ಮಲ್ಲೇಶಪ್ಪ ಕೆಂಡವಾದ. ಚಾಂಪಿಯನ್ ಅಂದಮೇಲೆ ಯಾರು ಬಂದರೂ ಆಡಬೇಕು, ಇಲ್ಲದಿದ್ದರೆ ಆ ಬೆಲ್ಟು ಬಿಚ್ಚಿಟ್ಟು ಮನೆಗೆ ಹೋಗಬೇಕು ಅಂದ. ಅವನ ಕೂಗಿಗೆ ನನ್ನ ಹೆಂಡತಿ ಒಳಗಿನಿಂದ ಇಣುಕಿ ನೋಡಿ ಹೋದಳು.

ಆಗ ಟೀವಿ ನೋಡಲು ಬಂದಿದ್ದ ಗೊಬ್ಬರದ ಅಂಗಡಿಯ ವೀರೇಶ ಚಹಾದ ಬಸಿ ಕೆಳಗಿಟ್ಟು ಮೆಲ್ಲಗೆ ಕೇಳಿದ: "ಅಲ್ರಿ ಮಲ್ಲೇಶಣ್ಣಾ, ಕಟಕೋಳ ಗೌಡ್ರ ಕೂಡ ನೀವ್ ಯಾವಾಗ ಆಡ್ತೀರಿ?"

ನಾನು ಟೀವಿಯ ಸದ್ದು ಕಡಿಮೆ ಮಾಡಿದೆ.

ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮಲ್ಲೇಶಪ್ಪ ನಮ್ಮ ಮಾರ್ಕೆಟ್ ಯಾರ್ಡಿನಲ್ಲಿ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ ಇಟ್ಟವನು. ಅದಕ್ಕಿಂತ ಮುಖ್ಯವಾಗಿ, ಪೇಟೆಯ ಕೇರಂ ಚಾಂಪಿಯನ್. ಗೆದ್ದ ಶೀಲ್ಡುಗಳು ಶೋಕೇಸಿನಲ್ಲಿ ಹಿಡಿಸದೆ ಫ್ರಿಜ್ಜಿನ ಮೇಲೆ ಹತ್ತಿ ಕುಳಿತಿವೆ. ಧಾರವಾಡದಿಂದ ಬಂದವರನ್ನೂ ಬೆಳಗಾವಿಯಿಂದ ಬಂದವರನ್ನೂ ಸೋಲಿಸಿ ಸಂಜೆಯ ಬಸ್ಸು ಹತ್ತಿಸಿದ್ದಾನೆ. ಆದರೆ ಕಟಕೋಳದ ನಿಂಗನಗೌಡರ ಎದುರು ಮಾತ್ರ ಒಮ್ಮೆಯೂ ಕುಳಿತಿಲ್ಲ.

ರಾಮದುರ್ಗದ ಕಡೆ ಗೌಡರನ್ನು ಸೋಲಿಸಿದವರಿಲ್ಲ. ದೀಪಾವಳಿಯಿಂದಲೂ ಅವರು ಒಂದು ಕೈ ನೋಡೋಣ ಅಂತ ಹೇಳಿ ಕಳಿಸುತ್ತಲೇ ಇದ್ದಾರೆ. ಇವನಿಗೆ ಒಮ್ಮೆ ಸೊಂಟನೋವು. ಒಮ್ಮೆ ಹತ್ತಿ ಸೀಸನ್. ಒಮ್ಮೆ ಸಿರಸಂಗಿಯ ಅಕ್ಕನ ಮನೆಯಲ್ಲಿ ಮದುವೆ. ಇವನು ಹೇಳಿದಷ್ಟು ಮದುವೆಗಳು ನಿಜವಾಗಿಯೂ ನಡೆದಿದ್ದರೆ ಆ ಅಕ್ಕನ ಮನೆಯಲ್ಲಿ ಮದುವೆಗೆ ಯಾರೂ ಉಳಿದಿರುತ್ತಿರಲಿಲ್ಲ.

ತನ್ನ ವಿಷಯ ಬೇರೆ ಅಂತ ಗೊಣಗಿ ಮಲ್ಲೇಶಪ್ಪ ಎದ್ದು ಹೋದ. ಮಧ್ಯಾಹ್ನದೊಳಗೆ ಪೇಟೆ ತುಂಬ ಸುದ್ದಿಯಾಯಿತು: ಚಾಂಪಿಯನ್ ಹೆದರಿದ್ದಾನೆ.

ನನಗೆ ತಡೆಯಲಾಗಲಿಲ್ಲ. ಸಂಜೆ ಅವನ ಮನೆಯ ಕಟ್ಟೆಯ ಮೇಲೆ ಕುಳಿತು ಕೆದಕಿದೆ. ಅತ್ತಿತ್ತ ನೋಡಿ ಬಾಯಿಬಿಟ್ಟ. ಮಗಳು ಗಿರಿಜಾಳನ್ನು (ಕಿತ್ತೂರಿನ ಶಾಲೆಯಲ್ಲಿ ಟೀಚರ್, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ) ಗೌಡರ ಮಗನಿಗೆ ಕೊಡುವ ಮಾತು ದೀಪಾವಳಿಯಿಂದಲೇ ನಡೆದಿದೆಯಂತೆ! ಹುಡುಗನಿಗೆ ಸವದತ್ತಿಯಲ್ಲಿ ನೌಕರಿ. ಅವನು ಒಪ್ಪಿದ್ದಾನೆ. ಗಿರಿಜಾ ಮಾತ್ರ ಇನ್ನೂ ಹೂಂ ಅಂದಿಲ್ಲ. ಗಟ್ಟಿಯಾಗುವವರೆಗೆ ಇಂಥ ಮಾತನ್ನು ಪೇಟೆಯಲ್ಲಿ ಹೇಳಿಕೊಂಡು ತಿರುಗಲಾದೀತೇ?

"ಗೆದ್ದರ ಬೀಗರು ಸಿಟ್ಟಾಕ್ಕಾರ. ಸೋತರ ಪ್ಯಾಟಿ ನಗತೈತಿ. ಬೇಕಂತ ಸೋತರ ಗೌಡ್ರಿಗೆ ಗೊತ್ತಾಕ್ಕೈತಿ, ಅವರೇನ್ ಸಣ್ಣ ಆಟಗಾರ ಅಲ್ಲ. ನೀವ ಹೇಳ್ರಿ, ನಾ ಏನ್ ಮಾಡ್ಲಿ?"

ನಮ್ಮಲ್ಲಿ ಹೆಣ್ಣು ಕೊಡುವವರು ಬೀಗರ ಮುಂದೆ ಸೀನುವುದಕ್ಕೂ ಯೋಚಿಸುತ್ತಾರೆ. ಇನ್ನು ಗೆಲ್ಲುವುದೆಂದರೆ ಸಣ್ಣ ಮಾತೇ? ಅಂದಿನಿಂದ ಆ ಅಮೆರಿಕದವನ ಮೇಲೂ ನನಗೆ ಕನಿಕರ ಹುಟ್ಟಿದೆ. ಅವನೂ ಆ ಎಡಗೈ ಹುಡುಗನ ಮನೆಗೆ ಹೆಣ್ಣು ಕೊಡಲು ಹೊರಟಿದ್ದಾನೋ ಏನೋ, ಯಾರಿಗೆ ಗೊತ್ತು!

ಕಳೆದ ಭಾನುವಾರ ಗೌಡರು ಹೆಂಡತಿಯ ಜತೆ ಮಲ್ಲೇಶಪ್ಪನ ಮನೆಗೆ ಮದುವೆಯ ಮಾತು ಮುಗಿಸಲು ಬಂದೇಬಿಟ್ಟರು. ಹಿರಿಯ ಅಂತ ಮಲ್ಲೇಶಪ್ಪ ನನ್ನನ್ನೂ ಕರೆದಿದ್ದ. ಹೋಳಿಗೆ ಊಟವಾಯಿತು. ಎಲೆ ಅಡಿಕೆಯ ತಟ್ಟೆ ಬಂತು. ಎಲ್ಲರೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಬಾಗಿಲ ಹಿಂದೆ ನಿಲ್ಲಿಸಿದ್ದ ಕೇರಂ ಬೋರ್ಡು ಗೌಡರ ಕಣ್ಣಿಗೆ ಬಿತ್ತು. (ಅದನ್ನು ಮಂಚದ ಕೆಳಗೆ ಸರಿಸಿ ಅಂತ ಮಲ್ಲೇಶಪ್ಪನ ಹೆಂಡತಿ ಮುಂಜಾನೆಯೇ ಹೇಳಿದ್ದಳಂತೆ. ಚಾಂಪಿಯನ್‌ಗಳು ಹೆಂಡತಿಯ ಮಾತನ್ನು ಯಾವಾಗ ಕೇಳಿದ್ದಾರೆ?) ಮೊದಲು ಒಂದು ಆಟ ಆಗಲಿ, ಮಾತೆಲ್ಲಿ ಓಡಿ ಹೋಗುತ್ತದೆ ಅಂದರು ಗೌಡರು.

ಪೌಡರ್ ತರುವ ನೆವದಲ್ಲಿ ಮಲ್ಲೇಶಪ್ಪ ಅಡುಗೆಮನೆಗೆ ಓಡಿದ. ಹಿಂದೆಯೇ ನಾನೂ ಹೋದೆ. ಅವನ ಹೆಂಡತಿ ಕೈಮುಗಿದು, ದಯವಿಟ್ಟು ಸೋತುಬಿಡಿ ಅಂದಳು. ಗಿರಿಜಾ ಪೌಡರ್ ಡಬ್ಬಿಯನ್ನು ಅಪ್ಪನ ಕೈಗಿಟ್ಟಳು. ಆದರೆ ತನ್ನ ಹಿಡಿತ ಬಿಡಲಿಲ್ಲ.

"ಅಪ್ಪಾ, ನೀ ಬೇಕಂತ ಸೋತರ ಈ ಲಗ್ನಕ್ಕ ನಾ ಒಪ್ಪಾಂಗಿಲ್ಲ. ನೀ ಗೆದ್ದಿದ್ದಕ್ಕ ಅವರು ಸಿಟ್ಟಾಗೂದಿದ್ರ ಇವತ್ತ ಆಗ್ಲಿ. ನಾಳಿ ಆ ಮನ್ಯಾಗ ನಾ ಒಂದ್ ಮಾತು ಎದುರಾಡಿದ್ರ ಹೆಂಗ ಇರ್ತಾರ ಅಂತ ನನಗ ಈಗ ಗೊತ್ತಾಗಬೇಕು."

ಮಲ್ಲೇಶಪ್ಪನ ಮುಖ ನೋಡಬೇಕಿತ್ತು ನೀವು. ಅಲ್ಲಿಯವರೆಗೆ ಬೀಗರಿಗಷ್ಟೇ ಹೆದರಿದ್ದ ಮನುಷ್ಯ ಈಗ ಮಗಳಿಗೂ ಹೆದರಿ ಹೊರಗೆ ಬಂದ.

ಆಟ ಶುರುವಾಯಿತು. ಅಬ್ಬಾ, ಗೌಡರ ಕೈ! ಕಾಯಿಗಳು ಹೇಳಿದ ಕಡೆ ಹೋಗಿ ಬೀಳುತ್ತಿದ್ದವು. ಕೊನೆಗೆ ಅವರದೊಂದು ಕಾಯಿ, ಇವನದೊಂದು ಕಾಯಿ, ನಡುವೆ ಕೆಂಪು ಕ್ವೀನ್. ಸರದಿ ಇವನದು. ಇವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇಡ ಬೇಡ ಅಂತ ಕಣ್ಣಲ್ಲೇ ಹೇಳುತ್ತಿದ್ದಳು. ಅವಳ ಬೆನ್ನ ಹಿಂದೆ ಗಿರಿಜಾ. ಮಲ್ಲೇಶಪ್ಪ ಬೆವರು ಒರೆಸಿಕೊಂಡು ಹೊಡೆದ. ಕ್ವೀನ್ ಮೂಲೆಯ ತೂತಿಗೆ ಬಿತ್ತು, ಬೆನ್ನಿಗೇ ಅವನ ಕಾಯಿಯೂ ಬಿತ್ತು. ಗೆದ್ದ.

ಗೌಡರ ಮುಖ ಕೆಂಪಗಾಗಿತ್ತು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು. ಮುಗೀತು ಲಗ್ನ, ಇನ್ನು ಚಪ್ಪಲಿ ಹಾಕಿಕೊಳ್ಳುತ್ತಾರೆ ಅಂದುಕೊಂಡೆ.

ಗೌಡರು ಬಗ್ಗಿದರು. ಒಂದು ಕಣ್ಣು ಮುಚ್ಚಿ ಬೋರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಇದು ಸಪಾಟ ಇಲ್ರಿ ಬೀಗ್ರ. ಆ ಮೂಲಿಗೆ ಇಳಿಜಾರ ಐತಿ. ಜಾಗಾ ಬದಲ್ ಮಾಡೂಣು."

ಜಾಗ ಬದಲಾಯಿತು. ಮತ್ತೆ ಸೋತರು. ಈ ಸಲ ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತಂತೆ, ಮೇಲೆ ಹೋಳಿಗೆ ಬೇರೆ ಜಡವಾಗಿತ್ತಂತೆ. ಮೂರನೆಯ ಆಟ ಗೌಡರು ಗೆದ್ದರು. ಬೋರ್ಡು ತಾನಾಗಿಯೇ ಸಪಾಟಾಯಿತು.

ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಮನೆಯಲ್ಲೂ ಇದೇ ಕಥೆಯಂತೆ. ಹಗ್ಗ ಕಡಿದರೆ ಹಗ್ಗಕ್ಕೆ ಬೈಯುತ್ತಾರೆ, ಸಾರು ಉಪ್ಪಾದರೆ ಉಪ್ಪಿಗೆ.

ನಾನು ನೀರು ಕುಡಿಯಲು ಒಳಗೆ ಹೋದೆ. ಗಿರಿಜಾ ಲೋಟ ಕೊಡುತ್ತ ಅಂದಳು: "ಬೋರ್ಡಿಗೆ ಬೈದ್ರು, ಬೆಳಕಿಗೆ ಬೈದ್ರು, ಹೋಳಿಗೀನೂ ಬಿಡಲಿಲ್ಲ. ನಮ್ಮಪ್ಪಗ ಮಾತ್ರ ಒಂದ್ ಮಾತು ಅನ್ಲಿಲ್ಲ. ಕಾಕಾ, ನಂದು ಒಪ್ಪಿಗಿ ಐತಿ ಅಂತ ಹೇಳ್ರಿ."

ವರನ ಕಡೆಯವರ ಹೊಲ ನೋಡುತ್ತೀರಿ, ನೌಕರಿ ನೋಡುತ್ತೀರಿ, ಕುಂಡಲಿ ಕೂಡಿಸುತ್ತೀರಿ. ಅವರು ಸೋತಾಗ ಹೇಗಿರುತ್ತಾರೆ ಅಂತ ಯಾರಾದರೂ ನೋಡಿದ್ದೀರಾ?