ಉಣ್ಣಿಸುವವರ ಹೊತ್ತು

ಎಂಬತ್ತರ ದಶಕದ ಮೊದಲಲ್ಲಿ, ಒಂದು ಜೂನ್ ತಿಂಗಳ ರಜೆಗೆ, ಯೆಮನ್ ದೇಶದ ನನ್ನ ಗೆಳೆಯ ಹಳೇಬೀಡಿನ ನಮ್ಮ ಮನೆಗೆ ಬಂದಿದ್ದ. ಬೆಂಗಳೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದುಕೊಂಡು ಇಬ್ಬರೂ ಕೃಷಿ ಓದುತ್ತಿದ್ದೆವು. ಬಂದ ಮರುದಿನವೇ ಬೇಲೂರಿನಾಚೆಯ ತೋಟವೊಂದಕ್ಕೆ ಹೋಗಿ, ನಲವತ್ತು ಕಾಫಿ ಸಸಿಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಮಳೆ ತಾಗದಂತೆ ಹಿತ್ತಿಲ ಸೂರಿನಡಿ ಇಟ್ಟು, ಒಂದೊಂದಕ್ಕೂ ಲೋಟದಲ್ಲಿ ಅಳೆದು ನೀರು ಹಾಕುತ್ತಿದ್ದ.

"ಇಷ್ಟೇನಾ ನೀರು? ನಿಮ್ಮೂರಲ್ಲಿ ಗಿಡಕ್ಕೂ ಉಪವಾಸ ಹಾಕ್ತೀರೇನಪ್ಪಾ?" ಎಂದು ಅಜ್ಜಿ ಛೇಡಿಸಿದರು.

"ನಮ್ಮೂರು ಮಳೆ ಕಮ್ಮಿ ಅಜ್ಜಿ. ಗಿಡ ಈಗ್ಲೇ ಕಲೀಬೇಕು." ಅವನದು ಹಾಸ್ಟೆಲಿನಲ್ಲಿ ಕಲಿತ ಕನ್ನಡ.

ಅವರಪ್ಪನದು ಗುಡ್ಡದ ಮೇಲೆ ಕಲ್ಲುಗೋಡೆ ಕಟ್ಟಿ ಮಾಡಿದ ಮೆಟ್ಟಿಲು ಹೊಲ. ಹಿಂದೆ ಅಲ್ಲಿ ಕಾಫಿ ಬೆಳೆಯುತ್ತಿತ್ತಂತೆ. ದೇಶದೊಳಗಿನ ಯುದ್ಧದಲ್ಲಿ ಊರು ಚದುರಿತು. ಉಳಿದ ಗಂಡಾಳುಗಳು ಎಣ್ಣೆ ಸಿಕ್ಕಿ ಶ್ರೀಮಂತವಾದ ಪಕ್ಕದ ರಾಜ್ಯಕ್ಕೆ ಕೂಲಿಗೆ ಹೋದರು. ಯೆಮನ್ ಸರ್ಕಾರದ ಸಂಬಳವೂ, ಆ ಸರ್ಕಾರದ ಮೇಲೆ ಬಂದೂಕು ಎತ್ತುವ ಪಾಳೇಗಾರರ ಸಂಬಳವೂ ಪಕ್ಕದವರಿಂದಲೇ ಬರುತ್ತಿತ್ತೆಂದು ಅವನು ನಗುತ್ತ ಹೇಳುತ್ತಿದ್ದ. ಅವನ ಓದಿನ ಖರ್ಚೂ ಅವರದೇ. ಇನ್ನೊಂದು ವರ್ಷ ಕಳೆದರೆ ಓದು ಮುಗಿಯುತ್ತದೆ, ಊರಿಗೆ ಹೋಗಿ ಆ ಮೆಟ್ಟಿಲುಗಳಲ್ಲಿ ಮತ್ತೆ ಕಾಫಿ ನೆಡಬೇಕು. ಅವನಿಗಿದ್ದದ್ದು ಅದೊಂದೇ ಆಸೆ.

ಆ ವಾರವೇ ಅವನ ರಂಜಾನ್ ಉಪವಾಸದ ತಿಂಗಳು ಶುರುವಾಯಿತು. ನಾವು ಜೈನರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಒಲೆ ಆರಿಸುವ ಮನೆ. ಬೆಳಗಿನಿಂದ ಹುಡುಗ ನೀರೂ ಮುಟ್ಟಿಲ್ಲವೆಂದು ತಿಳಿದ ಅಜ್ಜಿ, ಐದೂವರೆಗೆಲ್ಲ ಎಲೆ ಹಾಕಿ ಅನ್ನ, ತೊವ್ವೆ, ತುಪ್ಪ ಬಡಿಸಿ ಕರೆದರು.

"ಏಳಪ್ಪಾ, ಹೊತ್ತು ಮುಳುಗಿದ್ರೆ ನಮ್ಮನೇಲಿ ಒಂದಗಳೂ ಸಿಗಾಕಿಲ್ಲ."

ಅವನು ತೆಂಗಿನ ಗರಿಗಳಾಚೆ ಇನ್ನೂ ಎತ್ತರದಲ್ಲಿದ್ದ ಸೂರ್ಯನನ್ನು ನೋಡಿದ, ನನ್ನನ್ನು ನೋಡಿದ. ಅಜ್ಜಿಗೆ ಎದುರಾಡುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅವನು ಸುಮ್ಮನೆ ಕೈ ತೊಳೆದು ಕೂತು ಎಲೆ ಬರಿದು ಮಾಡಿದ.

ಅವನ ಉಪವಾಸ ಬಿಡುವುದು ಸೂರ್ಯ ಮುಳುಗಿದ ಮೇಲೆಯೇ ಎಂದು ನಾನು ಆಮೇಲೆ ಹೇಳಿದಾಗ ಅಜ್ಜಿ ಹಣೆ ಚಚ್ಚಿಕೊಂಡರು. "ಮೊದ್ಲೇ ಬೊಗಳಬಾರ್ದೇನ್ಲಾ! ಪಾಪದ ಹುಡುಗನ ವ್ರತ ಕೆಡಿಸಿಬಿಟ್ನಲ್ಲೋ!"

"ಬಿಡಿ ಅಜ್ಜಿ, ಇನ್ನೊಂದಿನ ಮಾಡ್ತೀನಿ. ನಮಗೆ ಅಭ್ಯಾಸ ಐತೆ. ನಮ್ಮ ದೇಶಕ್ಕೆ ಗೋಧಿ ಹಿಟ್ಟು ಪಕ್ಕದ ಮನೆಯಿಂದ ಬತ್ತದೆ. ಅವ್ರು ಕೊಟ್ಟಾಗ ಊಟ. ಅವ್ರಿಗೆ ಕೋಪ ಬಂದ್ರೆ ಇಲ್ಲ."

ನಾನು ನಕ್ಕೆ. ಅಜ್ಜಿ ನಗಲಿಲ್ಲ. ಮರುದಿನದಿಂದ ಬೆಳಕಿರುವಾಗಲೇ ಅವನ ತಟ್ಟೆ ಮುಚ್ಚಿ ಜಗಲಿಯ ಮೇಲಿಟ್ಟು, ಅವನು ಉಂಡು ಏಳುವವರೆಗೂ ಪಕ್ಕದಲ್ಲೇ ಕೂರತೊಡಗಿದರು. "ಒಳಗೆ ನನ್ನ ಹೊತ್ತು, ಜಗಲಿ ಮೇಲೆ ನಿನ್ನ ಹೊತ್ತು ಕಣಪ್ಪಾ" ಎಂದರು.

ಮೂರನೆಯ ವಾರ ಅವರಪ್ಪನ ಕಾಗದ ಬಂತು. ಯಾವುದೋ ಒಪ್ಪಂದದ ವಿಷಯಕ್ಕೆ ಪಕ್ಕದ ರಾಜ್ಯ ಮುನಿಸಿಕೊಂಡು, ಹೊರಗೆ ಓದುವವರ ಹಣ ನಿಲ್ಲಿಸಿತ್ತು. ಚಿಕ್ಕಪ್ಪ ಅದೇ ರಾಜ್ಯದ ಬಂದರಿನಲ್ಲಿ ಕೆಲಸ ಗೊತ್ತುಮಾಡಿದ್ದರು.

"ಏನಂತೆ ನಿಮ್ಮಪ್ಪ?"

"ಕೆಲಸ ಸಿಕ್ತು ಅಜ್ಜಿ."

"ಓದು? ಹೊಲ?"

"ಹೊಲದ ಗೋಡೆ ಬಿತ್ತಂತೆ."

ಒಂದು ವರ್ಷದ ಖರ್ಚು ನಾವೇ ನೋಡಿಕೊಳ್ಳುತ್ತೇವೆಂದು ನಾನು ದೊಡ್ಡದಾಗಿ ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡ. "ನೀನು ಕೊಡ್ತೀಯ, ಗೊತ್ತು. ಆಮೇಲೆ ಯಾರ ಜೊತೆ ಗೋಡೆ ಕಟ್ಟಲಿ? ಊರಲ್ಲಿ ಗಂಡಸ್ರೇ ಇಲ್ಲ ಕಣೋ."

ಅರಸೀಕೆರೆಯಲ್ಲಿ ಅವನನ್ನು ರೈಲು ಹತ್ತಿಸಿದೆ. ಹೊರಡುವಾಗ ಅಜ್ಜಿ ರೊಟ್ಟಿಯ ಗಂಟು ಕೈಗಿತ್ತು, "ಹೊತ್ತು ಮುಳುಗಿದ ಮೇಲೇ ತಿನ್ನು" ಎಂದಿದ್ದರು. ಆ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಸಿಗಳಿಗೆ ಅಜ್ಜಿ ಕೊಡಗಟ್ಟಲೆ ನೀರು ಹೊಯ್ದರು. ನಾನು ಬೇಡವೆಂದರೂ ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಬೇರು ಕೊಳೆತು ಎಲ್ಲವೂ ಹೋದವು.

ವರ್ಷದ ನಂತರ ಒಂದು ಕಾರ್ಡು ಬಂತು. ಬಂದರಿನಲ್ಲಿ ಹಿಟ್ಟಿನ ಮೂಟೆ ಹೊರುತ್ತಿದ್ದಾನಂತೆ. ಕೆಲವು ಲಾರಿಗಳು ಅವನ ಊರಿನ ಕಡೆಗೇ ಹೋಗುತ್ತವಂತೆ. ಓದಿ ಹೇಳಿದೆ. ಅಜ್ಜಿ ಕೇಳಿದರು: "ಅಲ್ಲಿ ಅವನಿಗೆ ಯಾವ ಹೊತ್ತಿಗೆ ಇಕ್ತಾರಂತೆ?"

ಕಾರ್ಡಿನಲ್ಲಿ ಅದನ್ನು ಬರೆದಿರಲಿಲ್ಲ.