ಕರಪತ್ರದ ಮುಖ

ಧಾರವಾಡದಿಂದ ಹೋಗಿ ಅಮೆರಿಕದ ಪ್ರಜೆಯಾಗಿದ್ದ ದೀಪಾಲಿ, ಅಲ್ಲಿನ ವಾಲ್ನಟ್ ಕ್ರೀಕ್ ಊರಿನ ಪ್ರಚಾರ ಸಂಸ್ಥೆಯೊಂದರಲ್ಲಿ ಚುನಾವಣಾ ಕರಪತ್ರಗಳ ವಿನ್ಯಾಸ ಮಾಡುತ್ತಿದ್ದಳು. ಈ ಸಲ ಸಂಸ್ಥೆ, ಅಮೆರಿಕದ ಸಂಸತ್ತಿಗೆ ಮತ್ತೆ ಸ್ಪರ್ಧಿಸಿದ್ದ ಹಳೆಯ ಸದಸ್ಯನೊಬ್ಬನ ಕೆಲಸ ಹಿಡಿದಿತ್ತು. ಅವನ ಎದುರು ನಿಂತವಳು ಫಿಜಿಯಿಂದ ಬಂದ ಭಾರತೀಯ ಕುಟುಂಬದ ನರ್ಸ್.

ಒಂದು ಮಧ್ಯಾಹ್ನ ಮ್ಯಾನೇಜರ್ ಸುಘೋಷ್ ಆ ನರ್ಸ್‌ನ ಫೋಟೊ ತೋರಿಸಿದ. “ಮುಖ ಇನ್ನೂ ಸ್ವಲ್ಪ ಕಪ್ಪು ಮಾಡಿ. ಕಣ್ಣು ಕೆಂಪಗಿರ್ಲಿ. ನೋಡಿದ್ರೆ ವೋಟರ್ಸ್‌ಗೆ ಒಂಥರಾ ಭಯ ಆಗ್ಬೇಕು.”

ದೀಪಾಲಿ ತಮಾಷೆಯೆಂದುಕೊಂಡಳು. ಅವನು ನಗಲಿಲ್ಲ.

“ನನ್ನ ಬಣ್ಣಾನೂ ಇದ ಅದ ಸುಘೋಷ್. ನಿಮ್ದೂ ಇದ ಅದ.”

“ಪರ್ಸನಲ್ಲಾಗಿ ತಗೋಬೇಡಿ. ಎಲೆಕ್ಷನ್ನಲ್ಲಿ ಎಲ್ರೂ ಮಾಡ್ತಾರೆ.”

ಕಳೆದ ದೀಪಾವಳಿಯಲ್ಲಿ ಅದೇ ಸದಸ್ಯ ಕನ್ನಡಿಗರ ನಡುವೆ ಕೂತು ಹೋಳಿಗೆ ತಿನ್ನುತ್ತ, ನೀವೆಲ್ಲ ನನ್ನ ಮನೆಯವರೇ ಎಂದಿದ್ದ. ಅದು ಅವಳಿಗೆ ನೆನಪಾಯಿತು. ಅಂದೇ ಕೆಲಸ ಬಿಟ್ಟಳು.

ಸುದ್ದಿ ಹಬ್ಬಿ, ನರ್ಸ್‌ನ ಪ್ರಚಾರ ಕಚೇರಿಯಿಂದ ಹಂಸಾ ಎಂಬವಳು ಫೋನು ಮಾಡಿದಳು. ದೀಪಾಲಿಯ ಧೈರ್ಯವನ್ನು ಬಾಯ್ತುಂಬ ಹೊಗಳಿ, ತಮ್ಮಲ್ಲಿಗೆ ಬರಲು ಕರೆದಳು. ದೀಪಾಲಿಗೆ ಮನಸ್ಸು ಹಗುರಾಯಿತು. ಅಷ್ಟರಲ್ಲಿ ಹಂಸಾ ಮೊದಲ ಕೆಲಸ ಹೇಳಿದಳು.

“ಆ ಮನುಷ್ಯನಿಗೆ ವಯಸ್ಸಾಗಿದೆಯಲ್ಲ, ಫೋಟೊದಲ್ಲಿ ಇನ್ನಷ್ಟು ಸುಕ್ಕು ಹಾಕಿ. ಬಾಯಿ ಸ್ವಲ್ಪ ಸೊಟ್ಟ ಮಾಡಿ. ಸ್ಟ್ರೋಕ್ ಹೊಡೆದೋರ ಥರ ಕಾಣ್ಬೇಕು.”

“ಛೀ!” ಎಂದು ದೀಪಾಲಿ ಫೋನಿಟ್ಟಳು.

ಅಲ್ಲಿ ಗವರ್ನರನನ್ನೂ ಜನರೇ ಆರಿಸುತ್ತಾರೆ, ಎಲ್ಲ ಹುದ್ದೆಗಳಿಗೂ ಒಂದೇ ಮತಪತ್ರ. ಅಂಚೆಯಲ್ಲಿ ಬಂದ ಆ ಪತ್ರದಲ್ಲಿ ಗವರ್ನರ್‌ನಿಂದ ಹಿಡಿದು ಉಳಿದೆಲ್ಲ ಹುದ್ದೆಗಳಿಗೂ ಗುರುತು ಹಾಕಿದಳು. ಆ ಇಬ್ಬರ ಹೆಸರಿನ ಬಳಿ ಪೆನ್ನು ಇಡಲೂ ಹೇಸಿಗೆಯಾಗಿ, ಆ ಜಾಗವನ್ನು ಖಾಲಿ ಬಿಟ್ಟಳು. ಹಳೆಯ ಸದಸ್ಯನೇ ಗೆದ್ದ. ಅವಳು ಆ ಸುದ್ದಿಯನ್ನು ಪೂರ್ತಿ ಓದಲಿಲ್ಲ.